ತೊಂಬತ್ತು ಸೆಕೆಂಡಿನ ಪಾಠ

ವಾಲ್ಪರೈಸೊ ಬಂದರಿನ ನೆತ್ತಿಯ ಗುಡ್ಡಕ್ಕೆ
ಹಳಿ ಹಿಡಿದು ಏರುವ ಮರದ ಪೆಟ್ಟಿಗೆ ನನ್ನದು.
ನನ್ನದೆಂದರೆ, ಪುರಸಭೆಯದು.
ಬ್ರೇಕು ಮಾತ್ರ ನನ್ನ ಕೈಲಿ.
ಕೆಳಗಿಂದ ಮೇಲಕ್ಕೆ ತೊಂಬತ್ತು ಸೆಕೆಂಡು,
ದಪ್ಪಗಿನವರು ಹತ್ತಿದ ದಿನ ತೊಂಬತ್ತೆರಡು.

ಸಂಜೆ ಆರೂವರೆಗೆ ಎದುವೀಹಿಸ್ ಟೀಚರ್ ಹತ್ತುತ್ತಾಳೆ.
ಹಡಗುಕಟ್ಟೆಯ ಹಮಾಲಿಗಳಿಗೆ ಕಂಪ್ಯೂಟರ್ ಕಲಿಸುವ
ರಾತ್ರಿಶಾಲೆ ಇರುವುದು ಮೇಲೆ, ಪಾಳು ಹಿಟ್ಟಿನ ಗಿರಣಿಯಲ್ಲಿ.
ಸುಮ್ಮನಿರಲಾರದೆ ಒಂದು ದಿನ ಕೇಳಿದೆ:
"ಅದರೊಳಗೆ ಕೂತು ಆಳುವವನು ಯಾರು?"
"ಆಳುವವನಲ್ಲ," ಅಂದಳು, "ನಿನ್ನಂಥವನು.
ಆಪರೇಟಿಂಗ್ ಸಿಸ್ಟಂ ಅಂತ ಹೆಸರು.
ದುಡಿಯುವ ಪ್ರೊಸೆಸರ್ ಒಂದೇ ಅಂತಿಟ್ಟುಕೋ.
ಹಾಡು ಕೇಳಬೇಕು, ಕಾಗದ ಅಚ್ಚಾಗಬೇಕು,
ಬಾಣದ ಗುರುತು ಬೆರಳಿನ ಹಿಂದೆ ಓಡಬೇಕು.
ಕಣ್ಣು ಮಿಟುಕಿಸುವಷ್ಟೂ ಇಲ್ಲದ ಹೊತ್ತು ಒಬ್ಬರಿಗೆ ಕೊಟ್ಟು,
ಎಬ್ಬಿಸಿ, ಮುಂದಿನವರನ್ನು ಕೂರಿಸುವುದೇ"

ಗಂಟೆ. ಮೇಲಿನ ನಿಲ್ದಾಣ. ಬಾಗಿಲು ತೆಗೆದೆ.
ಟಿಕೆಟ್ಟಿನ ಬೆನ್ನಿಗೆ ಏನೋ ಗೀಚಿ
ಕೋಟಿನ ಜೇಬಿಗಿಟ್ಟು ಇಳಿದು ಹೋದಳು.

ಮರುದಿನ ಹತ್ತಿದವಳೇ ಟಿಕೆಟ್ಟು ನೋಡಿಕೊಂಡು,
ನಮಸ್ಕಾರವಿಲ್ಲ, ಮಂಜಿನ ಮಾತಿಲ್ಲ,
"ಅದರ ಕೆಲಸ. ಎಬ್ಬಿಸುವ ಮುಂಚೆ ಬರೆದಿಡುತ್ತದೆ
ಯಾರು ಎಲ್ಲಿಗೆ ನಿಲ್ಲಿಸಿದ್ದರು ಅಂತ.
ತಮ್ಮನ್ನು ಎಬ್ಬಿಸಿದ್ದೇ ಅವರಿಗೆ ಗೊತ್ತಾಗುವುದಿಲ್ಲ."

ನನಗೆ ಗೊತ್ತಾಯಿತು, ನಡುವಿನ ಇಡೀ ಹಗಲು
ಸಾರ್ಡೀನಿನ ಬುಟ್ಟಿ, ಶಾಲೆ ಬಿಟ್ಟ ಮಕ್ಕಳು,
ಮಾತಾಡದ ವಿಧವೆ, ಮಾತು ನಿಲ್ಲಿಸದ ಪಾದ್ರಿ
ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಸಾಗಿಸಿದ್ದೆ.

ಒಂದು ಸಂಜೆ ಪಾಠವೇ ಆಗಲಿಲ್ಲ.
ಕುಡಿದ ನಾವಿಕನೊಬ್ಬ ಬ್ರೇಕಿಗೆ ಕೈ ಹಾಕಿದ.
ತಳ್ಳಿ, ಗಂಟೆಯ ಹಗ್ಗ ತೋರಿಸಿ ಗದರಿದೆ:
"ನಿಲ್ಲಬೇಕೇ? ಇದನ್ನೆಳೆದು ಕೇಳು. ನಿಲ್ಲಿಸುವವನು ನಾನು."
ಟೀಚರ್ ಕೆನ್ನೆಯಲ್ಲೇ ನಕ್ಕು
ಟಿಕೆಟ್ಟಿನ ಮೇಲಿದ್ದ ಪದವನ್ನು ಹೊಡೆದುಹಾಕಿದಳು.
ಅವತ್ತು ಹೇಳಬೇಕೆಂದಿದ್ದುದು ಅದೇ ಅಂತೆ.

ಶುಕ್ರವಾರ ನಾನೇ ಶುರು ಮಾಡಿದೆ.
ಕೆಳಗಿನ ಓಣಿಯಲ್ಲಿ ಮಧ್ಯಾಹ್ನದಿಂದ ಎರಡು ಲಾರಿ
ಮೂತಿಗೆ ಮೂತಿ ಕೊಟ್ಟು ಹಾರನ್ ಬಾರಿಸುತ್ತಿದ್ದವು.
"ಒಬ್ಬರು ಹಿಡಿದದ್ದು ಇನ್ನೊಬ್ಬರಿಗೆ ಬೇಕು, ಇಬ್ಬರೂ ಬಿಡರು.
ಆಗ ನಿಮ್ಮದು ಏನು ಮಾಡುತ್ತದೆ?"
"ಎಷ್ಟೋ ಸಲ ನೋಡುತ್ತ ಕೂರುತ್ತದೆ.
ತೀರಾ ಆದರೆ ಒಬ್ಬನನ್ನು ಕೊಂದುಬಿಡುತ್ತದೆ,"
ಅಂದು ಇಳಿದೇ ಹೋದಳು.
ಶನಿವಾರ, ಭಾನುವಾರ ನಿದ್ದೆಯಿಲ್ಲ.
ಸೋಮವಾರ ಹಣೆ ಚಚ್ಚಿಕೊಂಡಳು:
"ಮನುಷ್ಯರನ್ನಲ್ಲ ಮಾರಾಯ, ಕೆಲಸವನ್ನು!"
ಆದರೂ ಆ ಕೆಲಸಕ್ಕೇನು ಅನ್ನಿಸಿರಬೇಕು ಎಂದು
ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಆಗಸ್ಟಿನ ಕೊನೆ. ಡಿಸ್ಕಿನ ಮಾತು ನಡೆದಿತ್ತು.
"ಓದುವ ಸೂಜಿ ನಿನ್ನ ಪೆಟ್ಟಿಗೆಯ ಹಾಗೇ,
ಕೂಗಿದ ಕಡೆಗೆಲ್ಲ ಓಡುವುದಿಲ್ಲ.
ಹೊರಟ ದಿಕ್ಕಿನಲ್ಲಿ ಕಾದವರನ್ನೆಲ್ಲ ಮುಗಿಸಿಕೊಂಡೇ
ಆಮೇಲೆ ತಿರು"

ನೆಲ ಅಲುಗಿತು.
ತಲೆಗೆ ಸುದ್ದಿ ಮುಟ್ಟುವ ಮೊದಲೇ
ಕೈ ಬ್ರೇಕಿನ ಮೇಲಿತ್ತು.
ಹಳಿ ಕಿರುಚಿತು. ಯಾರದೋ ಈರುಳ್ಳಿ ಚೆಲ್ಲಿ
ಮೂಲೆಯಿಂದ ಮೂಲೆಗೆ ಉರುಳಿತು.
ಕೆಳಗೆ ಬಂದರಿನ ದೀಪಗಳು ಸಾಲುಸಾಲಾಗಿ
ಒಂದರ ಹಿಂದೊಂದು ಆರಿದವು.
ಕೊಲ್ಲಿಯ ಮೇಲೆ ಕತ್ತಲಲ್ಲಿ ನೇತಾಡುವ
ಒಂಬತ್ತು ಜನರ ಉಸಿರು.

ಎಷ್ಟು ಹೊತ್ತೋ. ದೀಪ ಬಂದಾಗ
ಟೀಚರ್ ಜೇಬು ತಡಕಿದಳು.
ಬರೆದುಕೊಳ್ಳಲು ಅವಳಿಗೆ ಪುರುಸೊತ್ತೇ ಆಗಿರಲಿಲ್ಲ.
ಖಾಲಿ ಟಿಕೆಟ್ಟು ನಡುಗುತ್ತಿತ್ತು.
"ಎಲ್ಲಿದ್ದೆವು?"

"ತಿರು," ಅಂದೆ ನಾನು.

"ಗುತ್ತದೆ," ಅಂದಳು.

ಬ್ರೇಕು ಬಿಟ್ಟೆ.